ಹೆಸರೂ ರಾಜಾಶ್ರಯವೂ: ಜಾಲಹಳ್ಳಿಯ ಒಂದು ಕಾರ್ಖಾನೆಯ ಕಥೆ

ಯಾವುದೇ ಉದ್ಯಮಕ್ಕೆ ಬೇಕಾದುದು ನೆಲ, ದುಡಿಮೆ, ಹಣ ಎಂದು ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಹೇಳುತ್ತವೆ. ಈ ಪಟ್ಟಿಯಲ್ಲಿ ಸೇರದ ಬಂಡವಾಳಗಳು ಇನ್ನೆರಡಿವೆ. ಒಂದು, ಜನರ ಬಾಯಲ್ಲಿರುವ ಹೆಸರು; ಇನ್ನೊಂದು, ಆಳುವವರ ಕೃಪೆ. ಎರಡನೆಯದನ್ನು ನಮ್ಮ ಹಿರಿಯರು ರಾಜಾಶ್ರಯ ಎಂದು ಕರೆಯುತ್ತಿದ್ದರು. ರಾಜಾಶ್ರಯದಲ್ಲಿ ಬಾಳಿದ ಕವಿಗಳ ಕಥೆಗಳನ್ನು ನಾವು ಶಾಲೆಯಲ್ಲಿಯೇ ಕೇಳಿದ್ದೇವೆ: ಅರಸ ಮೆಚ್ಚಿದರೆ ಕನಕಾಭಿಷೇಕ, ಮುನಿದರೆ ಊರು ಬಿಡುವ ಪಾಡು. ರಾಜಾಶ್ರಯದಲ್ಲಿ ಬಾಳಿದ ಕಾರ್ಖಾನೆಗಳ ಕಥೆಯನ್ನು ಹಾಗೆ ಕೂತು ಹೇಳುವವರು ಕಡಮೆ. ಅಂಥ ಒಂದು ಕಥೆ ಬೆಂಗಳೂರಿನ ಉತ್ತರದಲ್ಲಿ, ಯಶವಂತಪುರದ ಆಚೆಯ ಜಾಲಹಳ್ಳಿಯಲ್ಲಿ ನಡೆದಿದೆ. ಅದು ಎಚ್.ಎಂ.ಟಿ. ಎಂಬ ಮೂರಕ್ಷರದ ಕಥೆ.

ನಾನು ಬಹುಕಾಲದಿಂದ ಮತ್ತೀಕೆರೆಯಲ್ಲಿ ವಾಸವಾಗಿರುವವನು. ನಮ್ಮ ಕಡೆ ಈ ಹೆಸರನ್ನು ಮರೆಯುವುದು ಸಾಧ್ಯವೇ ಇಲ್ಲ. ಎಚ್.ಎಂ.ಟಿ. ರಸ್ತೆ ಇಲ್ಲಿದೆ, ಆರ್.ಟಿ. ನಗರದ ಮಗ್ಗುಲಲ್ಲಿ ಎಚ್.ಎಂ.ಟಿ. ಬಡಾವಣೆ ಇದೆ, ವಿದ್ಯಾರಣ್ಯಪುರದ ಕಡೆ ಇನ್ನೊಂದು ಇದೆ. ಬೆಳಗ್ಗೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂಡುವ ಹಿರಿಯರಲ್ಲಿ ನಾಲ್ಕರಲ್ಲಿ ಒಬ್ಬರಾದರೂ ‘ನಮ್ಮ ಫ್ಯಾಕ್ಟರಿ’ ಎಂದು ಮಾತು ಎತ್ತುತ್ತಾರೆ. ಸಂಬಳ ಕೊಟ್ಟ ಸಂಸ್ಥೆಯನ್ನು ‘ನಮ್ಮದು’ ಎಂದು ಕರೆಯುವ ಆ ವಾಡಿಕೆಯೇ ಈಗ ಅಪೂರ್ವವಾಗಿದೆ. ಸಾವಿರಾರು ಸಂಸಾರಗಳಿಗೆ ಮನೆ, ಮಕ್ಕಳ ಓದು, ಮದುವೆ ಎಲ್ಲವೂ ಆ ಫ್ಯಾಕ್ಟರಿಯ ಸೈರನ್ನಿನ ಲೆಕ್ಕದಲ್ಲಿಯೇ ನಡೆದವು. ಅದು ಏಕೆ ಬೆಳೆಯಿತು, ಏಕೆ ಬತ್ತಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಅವುಗಳಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಕೂಡಿಸಿ ನೋಡಿದಾಗ ಮಾತ್ರ ಅರ್ಥ ತೆರೆದುಕೊಳ್ಳುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಸುತ್ತ ಇದ್ದದ್ದು ಸೈನ್ಯದ ಆಸ್ಪತ್ರೆಗಳು, ಇಟಲಿಯ ಯುದ್ಧಕೈದಿಗಳ ಶಿಬಿರಗಳು. ಯುದ್ಧ ಮುಗಿಯಿತು, ಕೈದಿಗಳು ತಮ್ಮ ದೇಶಕ್ಕೆ ಹೋದರು, ಸ್ವಾತಂತ್ರ್ಯ ಬಂತು. ಆಗ ದೆಹಲಿಯಲ್ಲಿ ಎದ್ದ ಪ್ರಶ್ನೆ ಇದು: ಕಾರ್ಖಾನೆಗಳನ್ನು ಕಟ್ಟಬೇಕು ಸರಿ, ಕಾರ್ಖಾನೆಗಳೊಳಗಿನ ಯಂತ್ರಗಳನ್ನು ಮಾಡುವ ಯಂತ್ರಗಳು ಎಲ್ಲಿಂದ ಬರಬೇಕು? ಲೇತ್ ಯಂತ್ರವೊಂದಕ್ಕೆ ಪರದೇಶದ ಮುಂದೆ ಕೈಯೊಡ್ಡುವವನು ಸ್ವತಂತ್ರನು ಹೇಗಾದಾನು? ೧೯೪೯ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯೊಡನೆ ಒಪ್ಪಂದವಾಯಿತು. ೧೯೫೩ರ ಫೆಬ್ರವರಿಯಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಎಂಬ ಕಂಪನಿ ನೋಂದಣಿಯಾಯಿತು. ಮರುವರ್ಷ, ೧೯೫೪ರಲ್ಲಿ, ಅದೇ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಫ್ರೆಂಚ್ ಸಂಸ್ಥೆಯೊಂದರ ನೆರವಿನಿಂದ ತಲೆಯೆತ್ತಿತು. ಒಂದೇ ತಾಯಿಯ ಇಬ್ಬರು ಮಕ್ಕಳು ಅಕ್ಕಪಕ್ಕದ ತೊಟ್ಟಿಲುಗಳಲ್ಲಿ ಮಲಗಿದಂತೆ ಇವೆರಡೂ ಬೆಳೆಯತೊಡಗಿದವು. ಈ ಸೋದರನ ಮಾತು ಮುಂದೆ ಮತ್ತೆ ಬರುತ್ತದೆ.

ಎಚ್.ಎಂ.ಟಿ.ಯ ಹುಟ್ಟು ಹೀಗೆ ರಾಜಕೀಯ ನಿರ್ಧಾರವೇ ಆಗಿತ್ತು. ಅದರಲ್ಲಿ ನಾಚಿಕೆಯ ವಿಷಯವೇನೂ ಇಲ್ಲ. ಆಗಿನ ಖಾಸಗಿ ಬಂಡವಾಳಗಾರರಲ್ಲಿ ಈ ಹೊರೆಗೆ ಹೆಗಲು ಕೊಡುವವರು ವಿರಳವಾಗಿದ್ದರು. ಆದರೆ ಹುಟ್ಟಿಸಿದ ಮಾತ್ರಕ್ಕೆ ಮಗು ನಡೆಯುವುದಿಲ್ಲ. ಮೊದಲ ವರ್ಷಗಳಲ್ಲಿ ತೊಡಕುಗಳು ಬಂದವು, ಟೀಕೆಗಳೂ ಬಂದವು. ಎಂ.ಕೆ. ಮಾತುಳ್ಳ ಅವರ ಆಡಳಿತದಲ್ಲಿ ಕಾರ್ಖಾನೆ ಹದಕ್ಕೆ ಬಂತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲವದು. ದೇಶದಲ್ಲೆಲ್ಲ ಉಕ್ಕು, ರೈಲ್ವೆ, ಯಂತ್ರ ಎಂಬ ಮಾತು. ಮಾಡಿದ ಲೇತ್ ಯಂತ್ರಗಳಿಗೆ ಬೇಡಿಕೆ ಕಾದಿತ್ತು. ಲಾಭ ಬಂತು, ಬಂದ ಲಾಭದಿಂದಲೇ, ಸರ್ಕಾರದ ಬೊಕ್ಕಸಕ್ಕೆ ಕೈಚಾಚದೆ, ಜಾಲಹಳ್ಳಿಯಲ್ಲಿ ಎರಡನೆಯ ಕಾರ್ಖಾನೆಯನ್ನು ಕಟ್ಟಿ ೧೯೬೧ರಲ್ಲಿ ದೇಶಕ್ಕೆ ಅರ್ಪಿಸಿದರು. ಸರ್ಕಾರಿ ಉದ್ದಿಮೆಯೆಂದರೆ ಬಿಳಿಯಾನೆ ಎಂದು ಹೇಳುವವರಿಗೆ ಅಂದು ಕೊಟ್ಟ ಉತ್ತರ ಅದಾಗಿತ್ತು. ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಲ್ಲಿ ಒಂದರ ಹಿಂದೆ ಒಂದು ಘಟಕಗಳು ಎದ್ದವು.

ಜನಸಾಮಾನ್ಯರಿಗೆ ಲೇತ್ ಯಂತ್ರದ ಪರಿಚಯವೆಲ್ಲಿ? ಹೆಸರು ಮನೆಮನೆಗೆ ಹೋದದ್ದು ಕೈಗಡಿಯಾರದ ಮೂಲಕ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ಸ್ಥಾಪನೆಯಾಯಿತು. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಪ್ರಧಾನಮಂತ್ರಿಗಿಂತ ದೊಡ್ಡ ಜಾಹೀರಾತುದಾರ ಯಾವ ವ್ಯಾಪಾರಿಗೆ ಸಿಕ್ಕಾನು? ಅದುವರೆಗೆ ಕೈಗಡಿಯಾರವೆಂದರೆ ಸ್ವಿಸ್ ಮಾಲು, ಉಳ್ಳವರ ಒಡವೆ. ಈಗ ‘ಜನತಾ’ ಎಂಬ ಹೆಸರಿನದೇ ಒಂದು ಗಡಿಯಾರ ಬಂತು. ಸೈನಿಕರನ್ನು ನೆನೆಯುವ ‘ಜವಾನ್’, ‘ಪೈಲಟ್’, ಮದುವೆಯ ಮನೆಗಳಲ್ಲಿ ಅಳಿಯಂದಿರು ಬಯಸಿ ಕೇಳುತ್ತಿದ್ದ ‘ಕಾಂಚನ್’, ಕಣ್ಣಿಲ್ಲದವರು ಬೆರಳಿನಿಂದ ಮುಟ್ಟಿ ವೇಳೆ ತಿಳಿಯುವ ಬ್ರೈಲ್ ಗಡಿಯಾರ, ಹೀಗೆ ಒಂದು ವಂಶವೇ ಬೆಳೆಯಿತು. ಕೂದಲೆಳೆಯಂಥ ಸ್ಪ್ರಿಂಗು, ಸಾಸಿವೆ ಕಾಳಿಗಿಂತ ಸಣ್ಣ ತಿರುಪು ಇವನ್ನೆಲ್ಲ ಇಕ್ಕಳದಲ್ಲಿ ಹಿಡಿದು ಕೂಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಮತ್ತೀಕೆರೆ, ಯಶವಂತಪುರಗಳ ಎಷ್ಟೋ ಮನೆಗಳಲ್ಲಿ ಸಂಬಳ ತಂದ ಮೊದಲ ಹೆಣ್ಣು ಈ ಕಾರ್ಖಾನೆಯ ಹೆಣ್ಣೇ.

ನಮ್ಮ ತಂದೆಯವರ ‘ಜನತಾ’ ಈಗ ನನ್ನ ಕೈಯಲ್ಲಿದೆ. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ನಡೆಯುತ್ತದೆ. ಅದರ ಕೆಲಸಗಾರಿಕೆಯಲ್ಲಿ ಮೋಸವಿಲ್ಲ. ಮೋಸವಿಲ್ಲದ ಈ ಕೆಲಸವೇ ಎಚ್.ಎಂ.ಟಿ. ಸಂಪಾದಿಸಿದ ಹೆಸರಿನ ಬೇರು, ಮಂತ್ರಿಗಳ ಭಾಷಣವಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಂಪನಿ ಬಿದ್ದ ಮೇಲೆ, ಅದು ಎದ್ದಿದ್ದೇ ಸರ್ಕಾರದ ಊರುಗೋಲಿನಿಂದ ಎಂದು ಹಲವರು ಹೇಳತೊಡಗಿದರು. ಊರುಗೋಲು ಇದ್ದದ್ದು ನಿಜ. ಕಾಲುಗಳೂ ಇದ್ದವು ಎಂಬುದು ಅಷ್ಟೇ ನಿಜ.

ಕಾಲುಗಳಿದ್ದವು ಎಂಬುದಕ್ಕೆ ಒಂದು ಪರೀಕ್ಷೆಯ ಕಾಲವೇ ಸಾಕ್ಷಿ. ೧೯೬೨, ೧೯೬೫ರ ಯುದ್ಧಗಳು, ಬರಗಾಲ, ೧೯೬೬ರ ಜೂನ್ ತಿಂಗಳಲ್ಲಿ ರೂಪಾಯಿಯ ಅಪಮೌಲ್ಯ, ಇವುಗಳ ಪೆಟ್ಟಿಗೆ ಪಂಚವಾರ್ಷಿಕ ಯೋಜನೆಯೇ ಮೂರು ವರ್ಷ ನಿಂತುಹೋಯಿತು. ಸರ್ಕಾರ ಕೈ ಬಿಗಿಹಿಡಿದೊಡನೆ ಯಂತ್ರ ಕೊಳ್ಳುವವರು ಮಾಯವಾದರು. ಐದು ಘಟಕಗಳನ್ನು ಕಟ್ಟಿಕೊಂಡಿದ್ದ ಎಚ್.ಎಂ.ಟಿ.ಗೆ ಬರಸಿಡಿಲು ಬಡಿದಂತಾಯಿತು. ರಾಜಾಶ್ರಯದ ಮೊದಲ ಪಾಠ ಅಂದೇ ಸಿಕ್ಕಿತು: ಕೊಳ್ಳುವಂತೆ ಮಾಡಿದ ಕೈಯೇ ಕೊಳ್ಳದಂತೆಯೂ ಮಾಡಬಲ್ಲದು. ಆಗ ಎಸ್.ಎಂ. ಪಾಟೀಲರ ನಾಯಕತ್ವದಲ್ಲಿ ಸಂಸ್ಥೆ ಕೈಕಟ್ಟಿ ಕೂರಲಿಲ್ಲ. ಹೊಸ ಬಗೆಯ ಯಂತ್ರಗಳನ್ನು ರೂಪಿಸಿತು; ಹೊರದೇಶಗಳ ಮಾರುಕಟ್ಟೆಗಳನ್ನು ಹುಡುಕಿತು; ಮುದ್ರಣಯಂತ್ರಗಳಿಗೆ ಕೈಹಾಕಿತು; ೧೯೭೧ರಲ್ಲಿ ಚೆಕೊಸ್ಲೊವಾಕಿಯದ ಜೆಟರ್ ಮಾದರಿಯ ಟ್ರ್ಯಾಕ್ಟರುಗಳನ್ನು ಪಿಂಜೋರಿನಲ್ಲಿ ತಯಾರಿಸತೊಡಗಿತು. ಅದೇ ಸರ್ಕಾರದ ಒಡೆತನ, ಅದೇ ನಿಯಮಾವಳಿ, ಆದರೂ ಮಾಡಿತು. ಸರ್ಕಾರಿ ಸಂಸ್ಥೆ ಎಂದ ಮಾತ್ರಕ್ಕೆ ಮುಳುಗಲೇಬೇಕೆಂಬ ವಾದವನ್ನು ನಾನು ಒಪ್ಪದಿರುವುದು ಈ ಕಾರಣದಿಂದ.

ಹಾಗಾದರೆ ಗಡಿಯಾರದ ವ್ಯಾಪಾರದಲ್ಲಿ ಆದದ್ದೇನು? ಅಲ್ಲಿ ಎಚ್.ಎಂ.ಟಿ.ಗೆ ಅಂಥ ಪರೀಕ್ಷೆ ಬಹುಕಾಲ ಬರಲೇ ಇಲ್ಲ. ಹೊರದೇಶದ ಗಡಿಯಾರಕ್ಕೆ ಸುಂಕದ ಕೋಟೆ. ಒಳದೇಶದ ಸ್ಪರ್ಧಿಗೆ ಪರವಾನಗಿಯ ಬಾಗಿಲು. ಕೊಳ್ಳುವವನು ಒಂದೋ ಸರದಿಯಲ್ಲಿ ನಿಂತು ಎಚ್.ಎಂ.ಟಿ. ಪಡೆಯಬೇಕು, ಇಲ್ಲವೆ ಕಳ್ಳಸಾಗಣೆಯ ಮಾಲಿಗೆ ಕೈಚಾಚಬೇಕು. ಕಳ್ಳಮಾಲಿನ ವ್ಯಾಪಾರ ಜೋರಾಗಿಯೇ ನಡೆಯುತ್ತಿತ್ತು. ಅದು ಒಂದು ಸುದ್ದಿಯನ್ನು ಹೇಳುತ್ತಿತ್ತು. ಜನಕ್ಕೆ ತೆಳ್ಳನೆಯ, ಬೆಡಗಿನ, ಬಗೆಬಗೆಯ ಗಡಿಯಾರ ಬೇಕಾಗಿದೆ ಎಂಬ ಸುದ್ದಿ ಅದು. ಆದರೆ ಅಂಗಡಿಯ ಮುಂದೆ ಸರದಿ ಇರುವಾಗ ಅಂಥ ಸುದ್ದಿಗೆ ಕಿವಿಗೊಡುವವರು ಯಾರು? ಸರದಿಯಲ್ಲಿ ನಿಂತವರೆಲ್ಲ ಒಲಿದು ಬಂದವರೆಂದು ತಿಳಿಯುವುದು ಸುಲಭ. ಬೇರೆ ದಾರಿಯಿಲ್ಲದೆ ಬಂದವರೂ ಅವರಲ್ಲಿ ಬೆರೆತಿರುತ್ತಾರೆ. ಹೊರಗಿನಿಂದ ನೋಡಿದರೆ ಇಬ್ಬರ ಮುಖವೂ ಒಂದೇ.

ಇದೇ ಕಾಲದಲ್ಲಿ ಕಾರ್ಖಾನೆ ಎಲ್ಲಿ ಎದ್ದೇಳಬೇಕೆಂಬುದರಲ್ಲಿಯೂ ರಾಜಕೀಯದ ಕೈ ಕಾಣತೊಡಗಿತು. ಗಡಿಯಾರದ ಘಟಕ ಶ್ರೀನಗರದಲ್ಲಿ ಬಂತು. ೧೯೭೮ರಲ್ಲಿ ನಮ್ಮ ತುಮಕೂರಿಗೆ ಬಂತು. ೧೯೮೦ರ ದಶಕದಲ್ಲಿ ನೈನಿತಾಲಿನ ಹತ್ತಿರ ರಾಣಿಬಾಗಿನಲ್ಲಿ ಬಂತು. ೧೯೭೫ರಲ್ಲಿ ಅಜ್ಮೇರಿನ ಇನ್ನೊಂದು ಸರ್ಕಾರಿ ಯಂತ್ರೋಪಕರಣ ಕಾರ್ಖಾನೆಯನ್ನು ಇದರ ತಲೆಗೆ ಕಟ್ಟಲಾಯಿತು. ಹಿಂದುಳಿದ ಪ್ರದೇಶಕ್ಕೆ ಉದ್ಯೋಗ ಬೇಕು ಎನ್ನುವುದು ಸರಿಯಾದ ಮಾತೇ. ಪ್ರಶ್ನೆ ಇರುವುದು ಬೇರೆ ಕಡೆ. ಒಬ್ಬನಿಗೆ ‘ನೀನು ವ್ಯಾಪಾರಿ, ಲಾಭ ತೋರಿಸು’ ಎಂದೂ ‘ನೀನು ದಾನಿ, ಎಲ್ಲೆಡೆ ಛತ್ರ ಕಟ್ಟಿಸು’ ಎಂದೂ ಒಂದೇ ಬಾಯಲ್ಲಿ ಹೇಳಿದರೆ ಅವನು ಮಾಡುವುದೇನು? ಯಾವ ಘಟಕವನ್ನು ಬೆಳೆಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬ ತೀರ್ಮಾನ ಜಾಲಹಳ್ಳಿಯ ಕೈಯಲ್ಲಿ ಉಳಿಯಲಿಲ್ಲ. ೧೯೮೦ರ ಕೊನೆಯಿಂದ ೧೯೮೧ರ ಮಾರ್ಚಿಯವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ೭೭ ದಿನ ಮುಷ್ಕರ ಹೂಡಿದರು. ವೇತನದ ಮಾತುಕತೆಯ ಸೂತ್ರವೂ ದೆಹಲಿಯಲ್ಲಿಯೇ ಇದ್ದುದರಿಂದ ಇಲ್ಲಿ ಎದುರುಬದುರು ಕೂತವರು ತಾವೇ ಇತ್ಯರ್ಥ ಮಾಡಿಕೊಳ್ಳುವಂತಿರಲಿಲ್ಲ. ಮುಖವೆಲ್ಲ ದೆಹಲಿಯ ಕಡೆ. ಬೆನ್ನು ಅಂಗಡಿಯ ಕಡೆ.

ಬೆನ್ನು ತಿರುಗಿಸಿದಾಗಲೇ ಲೋಕ ಬದಲಾಯಿತು. ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಸಂಸ್ಥೆ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತ್ತು. ಕೀಲಿ ಕೊಡುವ ಕೆಲಸವಿಲ್ಲ. ಒಂದು ಪುಟ್ಟ ಬ್ಯಾಟರಿ, ಒಂದು ಹರಳಿನ ಚೂರು. ಮುಂದೆ ರೂಢಿಗೆ ಬಂದ ಕ್ವಾರ್ಟ್ಜ್ ಗಡಿಯಾರಗಳಲ್ಲಿ ಆ ಹರಳು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಆ ಕಂಪನವನ್ನು ಎಣಿಸಿ ಮುಳ್ಳು ಮುಂದೆ ಸರಿಯುತ್ತದೆ. ನೂರಾರು ವರ್ಷಗಳ ಕುಶಲತೆ ಒಂದೇ ಏಟಿಗೆ ಹಳತಾಯಿತು. ಸ್ವಿಟ್ಜರ್ಲೆಂಡಿನ ಗಡಿಯಾರದ ಉದ್ಯಮದಲ್ಲಿ ೧೯೭೦ರಲ್ಲಿ ಸುಮಾರು ೯೦,೦೦೦ ಜನ ಇದ್ದರು. ಹದಿನೈದು ವರ್ಷಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಉಳಿದರು. ಅವರೆಲ್ಲ ಖಾಸಗಿಯವರೇ, ಲೋಕವಿಖ್ಯಾತರೇ. ಹೆಸರಿದ್ದವನಿಗೆ ಹೊಸತನ್ನು ನಂಬುವುದು ಹೆಸರಿಲ್ಲದವನಿಗಿಂತ ಕಷ್ಟ ಎಂಬುದಕ್ಕೆ ಇದು ದೊಡ್ಡ ನಿದರ್ಶನ.

ಎಚ್.ಎಂ.ಟಿ.ಗೆ ಕ್ವಾರ್ಟ್ಜ್ ಗೊತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ೧೯೮೦ರ ದಶಕದ ಆರಂಭದಲ್ಲಿಯೇ ಅದು ಕ್ವಾರ್ಟ್ಜ್ ಗಡಿಯಾರ ಹೊರತಂದಿತ್ತು. ೧೯೮೫ರಲ್ಲಿ ತುಮಕೂರಿನ ಘಟಕದ ಒಂದು ಭಾಗವನ್ನು ಅದಕ್ಕೆಂದೇ ಮಾರ್ಪಡಿಸಿತು. ವಿದ್ಯೆ ಇತ್ತು, ಅದರಲ್ಲಿ ನಂಬಿಕೆ ಇರಲಿಲ್ಲ. ಕೀಲಿ ಕೊಡುವ ಗಡಿಯಾರ ಸಲೀಸಾಗಿ ಮಾರುತ್ತಿರುವಾಗ, ಅದರ ಯಂತ್ರಗಳಲ್ಲಿ, ಅದರ ಕೆಲಸಗಾರರಲ್ಲಿ ಇಷ್ಟು ಹಣ ತೊಡಗಿರುವಾಗ, ತನ್ನ ಕೂಸನ್ನೇ ತಾನು ಹಿಂದೆ ತಳ್ಳುವ ಎದೆ ಯಾರಿಗೂ ಬರಲಿಲ್ಲ.

ಆ ಎದೆ ಬಂದದ್ದು ಮೂವತ್ತು ನಲವತ್ತು ಕಿಲೋಮೀಟರು ದೂರದ ಹೊಸೂರಿನಲ್ಲಿ. ೧೯೮೪ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟನ್ ಕಂಪನಿಯನ್ನು ಹುಟ್ಟಿಸಿದವು. ವಾಚಕರು ಇದನ್ನು ಗಮನಿಸಬೇಕು: ಖಾಸಗಿ ವ್ಯಾಪಾರದ ಗೆಲುವೆಂದು ಹೊಗಳಿಸಿಕೊಳ್ಳುವ ಟೈಟನ್ ಕೂಡ ಒಂದು ಸರ್ಕಾರದ ಕೈಹಿಡಿದೇ ಪರವಾನಗಿಯ ಹೊಸ್ತಿಲು ದಾಟಿತು. ರಾಜಾಶ್ರಯ ಅದಕ್ಕೂ ಇತ್ತು. ಅದು ಅಷ್ಟಕ್ಕೆ ನಿಲ್ಲಲಿಲ್ಲ. ಜೆರ್‌ಕ್ಸಿಸ್ ದೇಸಾಯಿ ಅವರ ಮುಂದಾಳುತನದಲ್ಲಿ ಆರಂಭದಿಂದಲೇ ಕ್ವಾರ್ಟ್ಜನ್ನು ನಂಬಿತು, ಎಚ್.ಎಂ.ಟಿ.ಯಲ್ಲಿ ಪಳಗಿದ ಅನುಭವಿಗಳನ್ನು ಕರೆಸಿಕೊಂಡಿತು. ೧೯೮೭ರಲ್ಲಿ ನಮ್ಮ ಬೆಂಗಳೂರಿನ ಸಫಿನಾ ಪ್ಲಾಜಾದಲ್ಲಿ ತನ್ನದೇ ಮೊದಲ ಮಳಿಗೆಯನ್ನು ತೆರೆಯಿತು. ಗಡಿಯಾರಗಳನ್ನು ಒಡವೆಯಂತೆ ಬೆಳಕಿನಲ್ಲಿ ಹರಡಿತು, ಮೊಜಾರ್ಟನ ಸಂಗೀತವನ್ನು ಜಾಹೀರಾತಿಗೆ ಜೋಡಿಸಿತು. ಎಚ್.ಎಂ.ಟಿ. ವೇಳೆಯನ್ನು ಮಾರುತ್ತಿತ್ತು, ಟೈಟನ್ ಚೆಲುವನ್ನು ಮಾರಿತು. ಕೈಗೆ ಎರಡನೆಯ ಗಡಿಯಾರ ಬೇಕೆನ್ನುವ ಕಾಲಕ್ಕೆ ಅದು ಹೊಂದಿತು. ಜಾಲಹಳ್ಳಿಯ ಕೈಗಳ ಕುಶಲತೆಯ ಒಂದು ಪಾಲು ಗಡಿ ದಾಟಿ, ಅದೇ ಜಾಲಹಳ್ಳಿಯ ಎದುರಾಳಿಯ ಬಲವಾಯಿತು.

೧೯೯೧ರ ಆರ್ಥಿಕ ಸುಧಾರಣೆಯೊಡನೆ ಸುಂಕದ ಕೋಟೆಯೂ ಕುಸಿಯಿತು. ಗಡಿಯಾರಗಳಿಗೆ ಮಾತ್ರವಲ್ಲ, ಯಂತ್ರೋಪಕರಣಗಳಿಗೂ ಹೊರದೇಶದ ಸ್ಪರ್ಧೆ ಬಂತು. ಕೋಟೆ ಕಟ್ಟಿದವರೇ ಕೋಟೆ ಕೆಡವಿದರು. ಒಳಗಿದ್ದವನಿಗೆ ಯುದ್ಧದ ಅಭ್ಯಾಸ ತಪ್ಪಿ ಬಹಳ ದಿನಗಳಾಗಿದ್ದವು. ನಷ್ಟದ ಮೇಲೆ ನಷ್ಟ, ಸ್ವಯಂನಿವೃತ್ತಿಯ ಮೇಲೆ ಸ್ವಯಂನಿವೃತ್ತಿ. ೨೦೦೦ದ ಸುಮಾರಿಗೆ ಗಡಿಯಾರ, ಯಂತ್ರೋಪಕರಣಗಳನ್ನು ಬೇರೆ ಬೇರೆ ಅಂಗಸಂಸ್ಥೆಗಳಾಗಿ ಒಡೆದರು. ಮನೆಯನ್ನು ಪಾಲು ಮಾಡಿದರೆ ಸಾಲ ತೀರುವುದಿಲ್ಲವಷ್ಟೆ. ೨೦೧೬ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಟ್ರ್ಯಾಕ್ಟರುಗಳ ಬಾಗಿಲೂ ಮುಚ್ಚಿತು. ತುಮಕೂರಿನ ಕಾರ್ಖಾನೆಯ ನೆಲ ಇಸ್ರೋ ಸಂಸ್ಥೆಯ ಪಾಲಾಯಿತು.

ಈ ಕಥೆಯ ವಿಚಿತ್ರವಾದ ಘಟ್ಟ ಬರುವುದು ಇಲ್ಲಿ. ೨೦೧೪ರಲ್ಲಿ ಗಡಿಯಾರದ ಕಾರ್ಖಾನೆ ಮುಚ್ಚುತ್ತದೆಂಬ ಸುದ್ದಿ ಹೊರಬಿದ್ದೊಡನೆ ಮಳಿಗೆಗಳಿಗೆ ಜನ ನುಗ್ಗಿದರು. ಇಪ್ಪತ್ತು ವರ್ಷ ತಿರುಗಿ ನೋಡದವರು ಒಂದಲ್ಲ ಎರಡು ‘ಪೈಲಟ್’, ‘ಜನತಾ’ ಹುಡುಕಿಕೊಂಡು ಬಂದರು, ಬೆಲೆ ಏರಿತು, ಹಳೆಯ ಗಡಿಯಾರಗಳನ್ನು ಸಂಗ್ರಹಿಸುವವರ ಕೂಟಗಳೇ ಹುಟ್ಟಿಕೊಂಡವು. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆಯನ್ನು ನಗುವುದಕ್ಕೆ ಹೇಳುತ್ತೇವೆ. ಇಲ್ಲಿ ನಗು ಬರುವುದಿಲ್ಲ. ಜನ ಆ ಹೆಸರನ್ನು ಪ್ರೀತಿಸುತ್ತಿದ್ದರು ಎಂಬುದು ಸಾಬೀತಾಯಿತು. ಪ್ರೀತಿಸುವವರು ಕೊಳ್ಳುವವರೂ ಆಗಿರಬೇಕೆಂದೇನಿಲ್ಲ ಎಂಬುದೂ ಸಾಬೀತಾಯಿತು. ಹೆಸರು ಎನ್ನುವುದು ಬಾವಿಯ ನೀರಿನಂತೆ; ಸೇದುತ್ತಿದ್ದರೆ ಊರುತ್ತದೆ, ಬಿಟ್ಟರೆ ಪಾಚಿ ಕಟ್ಟುತ್ತದೆ. ಪ್ರತಿ ತಲೆಮಾರಿಗೂ ಹೊಸ ಕಾರಣ ಕೊಟ್ಟು ಅದನ್ನು ಸೇದಬೇಕಾಗಿತ್ತು.

ಪಕ್ಕದ ತೊಟ್ಟಿಲಿನ ಭಾರತ್ ಎಲೆಕ್ಟ್ರಾನಿಕ್ಸ್ ಏಕೆ ಉಳಿಯಿತು ಎಂದು ಯಾರಾದರೂ ಕೇಳಬಹುದು. ಅದೂ ಜನಸಾಮಾನ್ಯರಿಗೆ ಬೇಕಾದ ರೇಡಿಯೊ ವಾಲ್ವುಗಳನ್ನು, ಟ್ರಾನ್ಸಿಸ್ಟರುಗಳನ್ನು, ಟೆಲಿವಿಷನ್ನಿನ ಕೊಳವೆಗಳನ್ನು ಮಾಡುತ್ತಿತ್ತು. ಆ ವ್ಯಾಪಾರಗಳು ಅದರ ಕೈಯಲ್ಲಿಯೂ ಬಾಡಿದವು. ಅದನ್ನು ಕಾಪಾಡಿದ್ದು ಸೇನೆ. ರೇಡಾರನ್ನು ಬೇಡುವ ಗಿರಾಕಿ ಬದಲಾಗಲಿಲ್ಲ. ಬದಲಾಗದ ಆ ಗಿರಾಕಿ ಸುಮ್ಮನೆ ಕೂರುವವನೂ ಅಲ್ಲ, ಪ್ರತಿ ಸಲವೂ ಇನ್ನೂ ಹೊಸತು ಕೊಡು ಎಂದು ಕೇಳುವವನು. ಚುನಾವಣೆಯ ಮತಯಂತ್ರಗಳನ್ನು ಮಾಡುವ ಎರಡು ಸಂಸ್ಥೆಗಳಲ್ಲಿಯೂ ಅದು ಒಂದು. ಅಲ್ಲಿ ಹೆಸರೇ ಸರಕು. ಅಂದರೆ ರಾಜಾಶ್ರಯ ತಾನೇ ವಿಷವೂ ಅಲ್ಲ, ಅಮೃತವೂ ಅಲ್ಲ. ಬೇಡುವ ಅರಸನಿದ್ದರೆ ಕವಿ ಬರೆಯುತ್ತಾನೆ. ಕೇಳದೆಯೇ ಉಂಬಳಿ ಬರುತ್ತಿದ್ದರೆ ಲೇಖನಿಗೆ ತುಕ್ಕು ಹಿಡಿಯುತ್ತದೆ.

ಎಚ್.ಎಂ.ಟಿ. ಎಂಬ ಹೆಸರು ಪೂರ್ತಿ ಅಳಿದಿಲ್ಲ. ಯಂತ್ರೋಪಕರಣದ ಅಂಗ ಕಷ್ಟದಲ್ಲಿ ಉಸಿರಾಡಿಕೊಂಡು ಬಂದಿದೆ. ಮಾತೃಸಂಸ್ಥೆ ಅಷ್ಟಿಷ್ಟು ಗಡಿಯಾರಗಳನ್ನು ಮಾರುತ್ತ ಬಂದಿದೆ. ೨೦೧೯ರಲ್ಲಿ ಜಾಲಹಳ್ಳಿಯಲ್ಲಿ ಸಂಸ್ಥೆಯ ವಸ್ತುಸಂಗ್ರಹಾಲಯ ತೆರೆಯಿತು. ೨೦೨೪ರಲ್ಲಿ ಕರ್ನಾಟಕದವರೇ ಆದ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರದ ಬೃಹತ್ ಕೈಗಾರಿಕಾ ಸಚಿವರಾದಾಗ ಪುನಶ್ಚೇತನದ ಮಾತು ಎತ್ತಿದರು. ಅದೇ ವರ್ಷ ರಾಜ್ಯದ ಅರಣ್ಯ ಇಲಾಖೆ, ಪೀಣ್ಯ–ಜಾಲಹಳ್ಳಿಯ ಆ ನೆಲ ಮೂಲತಃ ಅರಣ್ಯದ್ದೆಂದು ಹಕ್ಕು ಮುಂದಿಟ್ಟಿತು. ಎರಡು ಸರ್ಕಾರಗಳ ವಾದ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ಒಂದು ಕಾಲಕ್ಕೆ ಅಲ್ಲಿ ಏನನ್ನು ಮಾಡುತ್ತಾರೆಂಬುದು ಸುದ್ದಿಯಾಗುತ್ತಿತ್ತು. ಈಗ ಅದು ಯಾರ ನೆಲವೆಂಬುದು ಸುದ್ದಿ.

ಅಲ್ಲಿಂದ ಪೂರ್ವಕ್ಕೆ ವರ್ತುಲ ರಸ್ತೆಯಲ್ಲಿ ಹೋದರೆ ಹೆಬ್ಬಾಳ. ಅದನ್ನು ದಾಟಿದರೆ ನಾಗವಾರದ ಮಾನ್ಯತಾ ತಂತ್ರಜ್ಞಾನ ಪಾರ್ಕಿನ ಗಾಜಿನ ಕಟ್ಟಡಗಳು. ಎಚ್.ಎಂ.ಟಿ.ಯಲ್ಲಿ ದುಡಿದವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿನ ಕಂಪನಿಗಳಿಗೂ ಹೆಸರಿದೆ. ಅವುಗಳಿಗೂ ಆಶ್ರಯವಿದೆ, ದೆಹಲಿಯದಷ್ಟೇ ಅಲ್ಲ, ಕಡಲಾಚೆಯ ರಾಜಧಾನಿಗಳದೂ ಇದೆ. ಅಲ್ಲಿನ ವೀಸಾ ನಿಯಮವೊಂದು ಬದಲಾದರೆ ಇಲ್ಲಿನ ಮನೆಗಳಲ್ಲಿ ನಿದ್ದೆ ಕೆಡುತ್ತದೆ. ಇದು ಸರ್ಕಾರಿ, ಇದು ಖಾಸಗಿ ಎಂಬ ಗೆರೆ ಈ ವಿಷಯದಲ್ಲಿ ಹೆಚ್ಚು ಕಾಪಾಡಲಾರದು.

ಎಚ್.ಎಂ.ಟಿ.ಯನ್ನು ಮತ್ತೆ ಎಬ್ಬಿಸುವ ಮಾತು ಬಂದಾಗಲೆಲ್ಲ ನಮ್ಮ ಉದ್ಯಾನದ ಹಿರಿಯರ ಕಣ್ಣು ಹೊಳೆಯುತ್ತದೆ. ಆ ಹೊಳಪನ್ನು ಕಂಡು ನಾನೂ ಸಂತೋಷಪಡುತ್ತೇನೆ. ಆದರೆ ಎಬ್ಬಿಸುವವರು ಎಷ್ಟು ಕೋಟಿ ಕೊಡುತ್ತಾರೆಂಬುದಕ್ಕಿಂತ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಹೊಸ ಗಡಿಯಾರ ಹೇಗಿರಬೇಕೆಂದು ತೀರ್ಮಾನಿಸುವವನು ಯಾರು, ಮತ್ತು ಅದು ಮಾರಾಟವಾಗದಿದ್ದರೆ ಮರುತಿಂಗಳೇ ಅದನ್ನು ನಿಲ್ಲಿಸುವ ಅಧಿಕಾರ ಅವನಿಗೆ ಇರುತ್ತದೆಯೆ? ೧೯೬೭ರ ಜಾಲಹಳ್ಳಿ ಹೊಸ ಯಂತ್ರವನ್ನೂ ಹೊಸ ಗಿರಾಕಿಯನ್ನೂ ತಾನೇ ಹುಡುಕಿಕೊಂಡಿತ್ತು. ಮುಂದೆ ಆ ಹಳೆಯ ಹೆಸರಿನಲ್ಲಿ ಯಾರು ಬಾಗಿಲು ತೆರೆದರೂ ಮೊದಲು ಓದಿಕೊಳ್ಳಬೇಕಾದುದು ಆ ವರ್ಷದ ಲೆಕ್ಕಪತ್ರವನ್ನು.